ಪ್ಯಾಕೆಟ್ ರೇಡಿಯೊ ಶುರು ಮಾಡೋಕೆ ಏನೇನು ಬೇಕು? ಮೊದಲು ಕೆಲಸ, ಆಮೇಲೆ ಸಾಫ್ಟ್‌ವೇರ್, ಕೊನೆಗೆ ರೇಡಿಯೊ

"ಪ್ಯಾಕೆಟ್ ಮಾಡಬೇಕು ಅಂತಿದ್ದೀನಿ, ಯಾವ ರೇಡಿಯೊ ತಗೊಳ್ಳಲಿ?" ಹೊಸದಾಗಿ ಲೈಸೆನ್ಸ್ ಸಿಕ್ಕ ಹ್ಯಾಮ್‌ಗಳು, ಅಂದರೆ ಹವ್ಯಾಸಕ್ಕಾಗಿ ರೇಡಿಯೊ ಬಳಸುವವರು, ಕೇಳುವ ಮೊದಲ ಪ್ರಶ್ನೆ ಇದೇ. ಪ್ಯಾಕೆಟ್ ಅಂದರೆ ರೇಡಿಯೊದಲ್ಲಿ ಮಾತಿನ ಬದಲು ಅಕ್ಷರ ಕಳಿಸುವ ಪದ್ಧತಿ. ಒಬ್ಬೊಬ್ಬರಿಗೇ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಉತ್ತರದ ಮುಖ್ಯ ಭಾಗ ಮೊದಲೇ ಹೇಳಿಬಿಡುತ್ತೇನೆ. ರೇಡಿಯೊ ಕೊನೆಗೆ ಆರಿಸಿ. ಮೊದಲು ಏನು ಮಾಡಬೇಕು ಅಂತ ತೀರ್ಮಾನಿಸಿ. ಆ ಕೆಲಸಕ್ಕೆ ತಕ್ಕ ಸಾಫ್ಟ್‌ವೇರ್ ನೋಡಿ. ಆಮೇಲೆ ಕಂಪ್ಯೂಟರನ್ನೂ ರೇಡಿಯೊವನ್ನೂ ಜೋಡಿಸುವ ಕೇಬಲ್ಲು. ಇಷ್ಟಾದ ಮೇಲೆ, ನಿಮ್ಮ ಕೈಯಲ್ಲಿ ಈಗಾಗಲೇ ಇರುವ ರೇಡಿಯೊನೇ ಸಾಕು ಅಂತ ಎಷ್ಟೋ ಸಲ ಗೊತ್ತಾಗುತ್ತದೆ.

ಲೈಸೆನ್ಸ್ ಇಲ್ಲದವರಿಗೆ ಒಂದು ಮಾತು. ನಮ್ಮ ದೇಶದಲ್ಲಿ ಹ್ಯಾಮ್ ಸೆಟ್ ಬಳಸಲು ದೂರಸಂಪರ್ಕ ಇಲಾಖೆಯ ಡಬ್ಲ್ಯೂಪಿಸಿ ವಿಭಾಗದ ಲೈಸೆನ್ಸ್ ಬೇಕೇ ಬೇಕು. ಅರ್ಜಿ ಹಾಕುವುದು ಸರಳ್ ಸಂಚಾರ್ ಪೋರ್ಟಲ್‌ನಲ್ಲಿ. ಅದು ಬರುವವರೆಗೆ ಸುಮ್ನೆ ಕೂರಬೇಕಿಲ್ಲ. ಸಾಫ್ಟ್‌ವೇರ್ ಹಾಕಿಕೊಂಡು, ರೆಕಾರ್ಡ್ ಆದ ಪ್ಯಾಕೆಟ್ ಸದ್ದನ್ನು ಓದಿಸಿ ಕಲಿಯಬಹುದು. ಮೂರನೇ ಹಂತದ ಕೇಬಲ್ ಕೂಡ ಮಾಡಿಟ್ಟುಕೊಳ್ಳಬಹುದು.

ಮೊದಲು ಇಷ್ಟು ತಿಳಿದಿರಲಿ

ಪ್ಯಾಕೆಟ್ ರೇಡಿಯೊ ಅಂದರೆ ಅಕ್ಷರಗಳನ್ನು ಸಣ್ಣ ಸಣ್ಣ ಪೊಟ್ಟಣ ಕಟ್ಟಿ ರೇಡಿಯೊದಲ್ಲಿ ಕಳಿಸುವುದು. ಪ್ರತಿ ಪೊಟ್ಟಣದ ಮೇಲೆ ಕಳಿಸಿದವರ ಕಾಲ್‌ಸೈನ್ (ಲೈಸೆನ್ಸ್ ಜೊತೆ ಸಿಗುವ ಗುರುತಿನ ಹೆಸರು), ಪಡೆಯುವವರ ಕಾಲ್‌ಸೈನ್ ಇರುತ್ತದೆ. ಕೊನೆಯಲ್ಲಿ ಒಂದು ತಾಳೆ ಸಂಖ್ಯೆ, ಪೊಟ್ಟಣ ಕೆಡದೆ ಬಂದಿದೆಯಾ ಅಂತ ನೋಡಲು. ಈ ಕಟ್ಟುವ ರೀತಿಗೆ ಎಎಕ್ಸ್.25 ಎಂದು ಹೆಸರು. ವಿಎಚ್‌ಎಫ್‌ನಲ್ಲಿ, ಅಂದರೆ 30ರಿಂದ 300 ಮೆಗಾಹರ್ಟ್ಜ್‌ವರೆಗಿನ ಪಟ್ಟಿಯಲ್ಲಿ, ಹೆಚ್ಚಾಗಿ ಬಳಸುವ ವೇಗ ಸೆಕೆಂಡಿಗೆ 1200 ಬಿಟ್. ಒಂದು 1200 ಹರ್ಟ್ಜ್, ಇನ್ನೊಂದು 2200 ಹರ್ಟ್ಜ್, ಹೀಗೆ ಎರಡೇ ಸ್ವರಗಳು. ಅವು ಅದಲು ಬದಲಾಗುತ್ತಾ ಹೋದಾಗ ಕಿವಿಗೆ "ಬ್ರ್ರಾಪ್" ಅಂತ ಒರಟು ಸದ್ದು ಕೇಳಿಸುತ್ತದೆ. ಒಂದೆರಡು ದಿನ ಕೇಳಿದರೆ ಗದ್ದಲದ ನಡುವೆಯೂ ಅದನ್ನು ಗುರುತಿಸುತ್ತೀರಿ.

ಅಕ್ಷರವನ್ನು ಸದ್ದು ಮಾಡುವ, ಸದ್ದನ್ನು ಮತ್ತೆ ಅಕ್ಷರ ಮಾಡುವ ಪೆಟ್ಟಿಗೆಗೆ ಟಿಎನ್‌ಸಿ ಅನ್ನುತ್ತಾರೆ. 1980ರ ದಶಕದಲ್ಲಿ ಅಮೆರಿಕದ ಟೂಸಾನ್‌ನ ಟಿಎಪಿಆರ್ ಎಂಬ ಹ್ಯಾಮ್‌ಗಳ ಗುಂಪು ಟಿಎನ್‌ಸಿಗಳನ್ನು ಜನಪ್ರಿಯ ಮಾಡಿತು. ಈಗ ಅದೇ ಕೆಲಸವನ್ನು ಕಂಪ್ಯೂಟರಿನ ಸೌಂಡ್ ಕಾರ್ಡ್ ಮತ್ತು ಒಂದು ಉಚಿತ ಸಾಫ್ಟ್‌ವೇರ್ ಮಾಡುತ್ತವೆ.

ಇನ್ನೊಂದು ವಿಷಯ ಮನಸ್ಸಿಗೆ ಹೋದರೆ ಮುಂದಿನದೆಲ್ಲ ಸುಲಭ. ಮಾತಿನಲ್ಲಿ ಒಂದು ಪದ ಹರಿದು ಕೇಳಿಸಿದರೂ ನಮ್ಮ ತಲೆ ಅದನ್ನು ತುಂಬಿಕೊಳ್ಳುತ್ತದೆ. ಪ್ಯಾಕೆಟ್‌ನಲ್ಲಿ ಹಾಗಿಲ್ಲ. 60 ಅಕ್ಷರದ ಪೊಟ್ಟಣ ಅಂದರೆ 480 ಬಿಟ್. ಅದರಲ್ಲಿ ಒಂದೇ ಒಂದು ಬಿಟ್ ತಪ್ಪಿದರೂ ತಾಳೆ ಸಂಖ್ಯೆ ಕೂಡುವುದಿಲ್ಲ. ಇಡೀ ಪೊಟ್ಟಣ ಕಸಕ್ಕೆ. ಪರದೆಯ ಮೇಲೆ ಏನೂ ಕಾಣುವುದಿಲ್ಲ. ಅದಕ್ಕೇ ಇಲ್ಲಿ ದುಬಾರಿ ರೇಡಿಯೊಗಿಂತ ಹದವಾದ, ಚೊಕ್ಕ ಸದ್ದು ಮುಖ್ಯ.

1. ಏನು ಮಾಡಬೇಕು ಅಂತ ತೀರ್ಮಾನಿಸಿ

ಪ್ಯಾಕೆಟ್‌ನಲ್ಲಿ ನಾಲ್ಕು ಬಗೆಯ ಕೆಲಸ ಇವೆ.

ಎಪಿಆರ್‌ಎಸ್: ನಿಮ್ಮ ಜಾಗ, ಹವಾಮಾನ, ಚಿಕ್ಕ ಸಂದೇಶಗಳನ್ನು ಸುತ್ತಲಿನ ಎಲ್ಲರಿಗೂ ಸಾರುವ ಪದ್ಧತಿ. ಅಮೆರಿಕದ ಹ್ಯಾಮ್ ಬಾಬ್ ಬ್ರುನಿಂಗಾ ರೂಪಿಸಿದ್ದು. ಚಾರಣ, ಸೈಕಲ್ ಜಾಥಾ, ನೆರೆ ಪರಿಹಾರದಂಥ ಕಡೆ ಯಾರು ಎಲ್ಲಿದ್ದಾರೆ ಅಂತ ನಕ್ಷೆಯಲ್ಲೇ ಕಾಣುತ್ತದೆ.

ಉಪಗ್ರಹ: ಅಂತಾರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ 145.825 ಮೆಗಾಹರ್ಟ್ಜ್‌ನ ಪ್ಯಾಕೆಟ್ ರಿಪೀಟರ್ ಇದೆ. ನೀವು ಕಳಿಸಿದ ಪೊಟ್ಟಣವನ್ನು ಅದೇ ಫ್ರೀಕ್ವೆನ್ಸಿಯಲ್ಲಿ ವಾಪಸ್ ಬಿಸಾಡುತ್ತದೆ. ನಮ್ಮ ಇಸ್ರೋ ಕೂಡ 2019ರ ಏಪ್ರಿಲ್ 1ರಂದು ಹಾರಿಸಿದ ಪಿಎಸ್‌ಎಲ್‌ವಿ-ಸಿ45 ರಾಕೆಟ್ಟಿನ ನಾಲ್ಕನೇ ಹಂತದಲ್ಲಿ ಆಮ್‌ಸ್ಯಾಟ್ ಇಂಡಿಯಾ ಎಂಬ ಹ್ಯಾಮ್ ಉಪಗ್ರಹ ಸಂಘದ ಇಂಥದೇ ಎಪಿಆರ್‌ಎಸ್ ಸಾಧನ ಇಟ್ಟಿತ್ತು.

ನೇರ ಸಂಪರ್ಕ: ಇಬ್ಬರು ಹ್ಯಾಮ್‌ಗಳು ಕೀಬೋರ್ಡ್‌ನಲ್ಲಿ ಮಾತಾಡುವುದು, ಅಥವಾ ಒಂದು ಬಿಬಿಎಸ್‌ನಲ್ಲಿ, ಅಂದರೆ ರೇಡಿಯೊ ಅಂಚೆಪೆಟ್ಟಿಗೆಯಲ್ಲಿ, ಸಂದೇಶ ಬಿಡುವುದು.

ಇಮೇಲ್: ವಿನ್‌ಲಿಂಕ್ ಎಂಬ ವ್ಯವಸ್ಥೆಯ ಮೂಲಕ ರೇಡಿಯೊದಲ್ಲಿ ಇಮೇಲ್. ಇದಕ್ಕೆ ಹತ್ತಿರದಲ್ಲಿ ಗೇಟ್‌ವೇ, ಅಂದರೆ ರೇಡಿಯೊವನ್ನು ಇಂಟರ್ನೆಟ್ಟಿಗೆ ಜೋಡಿಸುವ ಸ್ಟೇಷನ್, ಬೇಕು. ನೀವೇ ಗೇಟ್‌ವೇ ಕಟ್ಟುವ ಯೋಚನೆ ಇದ್ದರೆ, ಇಂಟರ್ನೆಟ್ ಜೋಡಣೆ ಬಗ್ಗೆ ನಿಮ್ಮ ಲೈಸೆನ್ಸ್ ಷರತ್ತು ಓದಿಕೊಂಡೇ ಮುಂದುವರಿಯಿರಿ.

ನಿಮ್ಮ ಊರಲ್ಲಿ ಪ್ಯಾಕೆಟ್ ಮಾಡುವವರು ಇನ್ನೊಬ್ಬರೂ ಇಲ್ಲದಿದ್ದರೆ ಎಪಿಆರ್‌ಎಸ್ ಸೆಟ್ ಮಾಡಿಕೊಂಡು ವಾರಗಟ್ಟಲೆ ಖಾಲಿ ಪರದೆ ನೋಡಬೇಕಾಗುತ್ತದೆ. ಆಸೆ ಕಮರಿಹೋಗುವುದು ಅಲ್ಲೇ. ಬಾಹ್ಯಾಕಾಶ ನಿಲ್ದಾಣ ಹಾಗಲ್ಲ. ಬೀದರ್ ಇರಲಿ, ಮಡಿಕೇರಿ ಇರಲಿ, ದಿನಕ್ಕೆ ಹಲವು ಸಲ ಬಂದು ಹೋಗುತ್ತದೆ. ಹಾಗಾಗಿ ಒಂಟಿಯಾಗಿ ಶುರು ಮಾಡುವವರಿಗೆ ನನ್ನ ಸಲಹೆ, ಮೊದಲು ನಿಲ್ದಾಣ. ಜೊತೆಗೆ ಒಬ್ಬ ಗೆಳೆಯರು ಇದ್ದರೆ ನೇರ ಸಂಪರ್ಕ.

2. ಸಾಫ್ಟ್‌ವೇರ್ ಆರಿಸಿ

ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಮೋಡೆಮ್ ಸಾಫ್ಟ್‌ವೇರ್ ಹಾಕಿಕೊಂಡು "ಎಲ್ಲಿ ಟೈಪ್ ಮಾಡೋದು?" ಅಂತ ಹುಡುಕುತ್ತಾರೆ. ಬೇಕಿರುವುದು ಎರಡು ಪ್ರೋಗ್ರಾಮು. ಒಂದು ಸದ್ದನ್ನು ಅಕ್ಷರ ಮಾಡುವ ಮೋಡೆಮ್. ಇನ್ನೊಂದು ಆ ಅಕ್ಷರ ಬಳಸುವ ಅಪ್ಲಿಕೇಶನ್, ಅಂದರೆ ನಕ್ಷೆ, ಟರ್ಮಿನಲ್ ಅಥವಾ ಇಮೇಲ್. ಇವೆರಡೂ ಕಂಪ್ಯೂಟರಿನ ಒಳಗೇ ಒಂದು ಪೋರ್ಟ್ ಮೂಲಕ ಮಾತಾಡಿಕೊಳ್ಳುತ್ತವೆ.

ಮೋಡೆಮ್‌ಗೆ ಎರಡು ಒಳ್ಳೆಯ ಆಯ್ಕೆ ಇವೆ, ಎರಡೂ ಉಚಿತ.

ವಿಂಡೋಸ್ ಇದ್ದರೆ ಯುಝಡ್7ಎಚ್‌ಒ ಸೌಂಡ್‌ಮೋಡೆಮ್. ಇದರಲ್ಲಿ ವಾಟರ್‌ಫಾಲ್ ಇದೆ, ಅಂದರೆ ಬರುವ ಸದ್ದನ್ನು ಬಣ್ಣದ ಪಟ್ಟಿಯಾಗಿ ತೋರಿಸುವ ಕಿಟಕಿ. ಪೊಟ್ಟಣ ಬಂದಾಗ ಗೆರೆ ಮೂಡುವುದು ಕಣ್ಣಿಗೇ ಕಾಣುತ್ತದೆ. ಕಲಿಯುವವರಿಗೆ ಇದು ದೊಡ್ಡ ಸಹಾಯ.

ಲಿನಕ್ಸ್ ಅಥವಾ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಇದ್ದರೆ ಡೈರ್ ವುಲ್ಫ್. ಇದು ವಿಂಡೋಸ್, ಮ್ಯಾಕ್‌ನಲ್ಲೂ ಓಡುತ್ತದೆ. ಕಿಟಕಿ, ಬಟನ್ನು ಏನೂ ಇಲ್ಲ. ಒಂದು ಕಾನ್ಫಿಗ್ ಫೈಲಿನಲ್ಲಿ ನಾಲ್ಕಾರು ಸಾಲು ತಿದ್ದಬೇಕು, ಅಷ್ಟೆ. ಸೋತ ಸಿಗ್ನಲ್ಲನ್ನೂ ಚೆನ್ನಾಗಿ ಓದುತ್ತದೆ. ಪ್ರತಿ ಪೊಟ್ಟಣದ ಜೊತೆ ಸದ್ದಿನ ಮಟ್ಟ ಎಷ್ಟಿತ್ತು ಅಂತಲೂ ಬರೆದು ತೋರಿಸುತ್ತದೆ. ಹಗಲು ರಾತ್ರಿ ಓಡಿಸುವ ಸ್ಟೇಷನ್ನಿಗೆ ನಾನು ಇದನ್ನೇ ಆರಿಸುತ್ತೇನೆ.

ಅಪ್ಲಿಕೇಶನ್ ನಿಮ್ಮ ಕೆಲಸದ ಮೇಲೆ ನಿಂತಿದೆ. ಎಪಿಆರ್‌ಎಸ್ ನಕ್ಷೆಗೆ ವಿಂಡೋಸ್‌ನಲ್ಲಿ ಪಿನ್‌ಪಾಯಿಂಟ್, ಲಿನಕ್ಸ್‌ನಲ್ಲಿ ಝಾಸ್ಟಿರ್, ಜಾವಾ ಇರುವ ಯಾವುದೇ ಕಂಪ್ಯೂಟರಿನಲ್ಲಿ ವೈಎಎಸಿ. ಕೀಬೋರ್ಡ್ ಮಾತಿಗೆ ಈಸಿಟರ್ಮ್ ಅಥವಾ ಕ್ಯೂಟಿಟರ್ಮ್‌ಟಿಸಿಪಿ. ಇಮೇಲ್‌ಗೆ ವಿನ್‌ಲಿಂಕ್ ಎಕ್ಸ್‌ಪ್ರೆಸ್, ಲಿನಕ್ಸ್ ಆದರೆ ಪ್ಯಾಟ್. ಬಿಬಿಎಸ್ ನಡೆಸುವ ಹಂಬಲ ಇದ್ದವರಿಗೆ ಲಿನ್‌ಬಿಪಿಕ್ಯೂ. ಆಂಡ್ರಾಯ್ಡ್ ಫೋನಿಗೆ ಎಪಿಆರ್‌ಎಸ್‌ಡ್ರಾಯ್ಡ್. ಇದೊಂದು ಮಾತ್ರ ಮೋಡೆಮ್ ಕೆಲಸವನ್ನೂ ತಾನೇ ಮಾಡಬಲ್ಲದು.

ಜೋಡಿಸುವಾಗ ಎಜಿಡಬ್ಲ್ಯೂ, ಕಿಸ್ ಎಂಬ ಎರಡು ಹೆಸರು ಎದುರಾಗುತ್ತವೆ. ಎರಡೂ ಮೋಡೆಮ್ ಮತ್ತು ಅಪ್ಲಿಕೇಶನ್ ಮಾತಾಡುವ ಭಾಷೆಗಳು. ಎರಡೂ ಮೋಡೆಮ್‌ಗಳಲ್ಲಿ ಎಜಿಡಬ್ಲ್ಯೂ ಪೋರ್ಟ್ 8000. ಕಿಸ್ ಪೋರ್ಟ್ ಮಾತ್ರ ಬೇರೆ ಬೇರೆ: ಡೈರ್ ವುಲ್ಫ್‌ನಲ್ಲಿ 8001, ಸೌಂಡ್‌ಮೋಡೆಮ್‌ನಲ್ಲಿ 8100. ಅಪ್ಲಿಕೇಶನ್ "ಕನೆಕ್ಟ್ ಆಗ್ತಿಲ್ಲ" ಅಂದರೆ ಮೊದಲು ಈ ನಂಬರ್ ನೋಡಿ. ಮೋಡೆಮ್ ಮೊದಲು ತೆರೆದು, ಅಪ್ಲಿಕೇಶನ್ ಆಮೇಲೆ ತೆರೆಯುವುದನ್ನೂ ರೂಢಿ ಮಾಡಿಕೊಳ್ಳಿ.

3. ಕೇಬಲ್ಲು ಮತ್ತು ಇಂಟರ್‌ಫೇಸ್

ನಿಜವಾದ ಕೆಲಸ ಇರುವುದು ಇಲ್ಲಿ. ಕಂಪ್ಯೂಟರಿಗೂ ರೇಡಿಯೊಗೂ ನಡುವೆ ಮೂರು ದಾರಿ ಬೇಕು. ರೇಡಿಯೊ ಸ್ಪೀಕರಿನಿಂದ ಕಂಪ್ಯೂಟರಿಗೆ ಸದ್ದು. ಕಂಪ್ಯೂಟರಿನಿಂದ ರೇಡಿಯೊ ಮೈಕಿಗೆ ಸದ್ದು. ಮೂರನೆಯದು ಪಿಟಿಟಿ, ಅಂದರೆ "ಈಗ ಪ್ರಸಾರ ಮಾಡು" ಅಂತ ರೇಡಿಯೊಗೆ ಹೇಳುವ ತಂತಿ.

ಪಿಟಿಟಿ ತಂತಿ ಬೇಡ ಅಂತ ಕೆಲವರು ವಾಕ್ಸ್ ಬಳಸುತ್ತಾರೆ. ಸದ್ದು ಬಂದರೆ ರೇಡಿಯೊ ತಾನೇ ಪ್ರಸಾರ ಶುರು ಮಾಡುವ ಸೌಲಭ್ಯ ಅದು. ಮಾತಿಗೆ ಅದು ಸರಿ, ಪ್ಯಾಕೆಟ್‌ಗೆ ಅಲ್ಲ. ವಾಕ್ಸ್ ಎಚ್ಚರಗೊಳ್ಳುವಷ್ಟರಲ್ಲಿ ಪೊಟ್ಟಣದ ತಲೆ ಕತ್ತರಿಸಿ ಹೋಗಿರುತ್ತದೆ. ಮುಗಿದ ಮೇಲೂ ಕ್ಷಣ ಹೊತ್ತು ಪ್ರಸಾರ ಬಿಡುವುದಿಲ್ಲ. ಆ ಹೊತ್ತಿನಲ್ಲೇ ಎದುರಿನವರ ಉತ್ತರ ಬಂದು ಹೋಗುತ್ತದೆ. ಎಪಿಆರ್‌ಎಸ್‌ನಲ್ಲಿ ಆಗೊಮ್ಮೆ ಈಗೊಮ್ಮೆ ಜಾಗ ಸಾರಲು ನಡೆದೀತು. ನೇರ ಸಂಪರ್ಕಕ್ಕೆ, ಇಮೇಲ್‌ಗೆ ಖಂಡಿತ ಬೇಡ.

ಸಿದ್ಧವಾಗಿ ಕೊಳ್ಳುವುದಾದರೆ ಡಿಜಿರಿಗ್, ಸಿಗ್ನಾಲಿಂಕ್‌ನಂಥ ಪೆಟ್ಟಿಗೆಗಳಿವೆ. ಸೌಂಡ್ ಕಾರ್ಡೂ ಪಿಟಿಟಿಯೂ ಅದರೊಳಗೇ ಇರುತ್ತವೆ. ಫೋನಿನಲ್ಲಿ ಮಾಡುವವರಿಗೆ ಬ್ಲೂಟೂತ್ ಇರುವ ಮೊಬಿಲಿಂಕ್ಡ್ ಟಿಎನ್‌ಸಿ ತುಂಬಾ ಅನುಕೂಲ, ಬೆಲೆ ಮಾತ್ರ ಜಾಸ್ತಿ. ಹೊರದೇಶದಿಂದ ತರಿಸಿದರೆ ಸುಂಕವೂ ಸೇರುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಿರಿ.

ನನ್ನನ್ನು ಕೇಳಿದರೆ ನಿಮ್ಮ ಮೊದಲ ಇಂಟರ್‌ಫೇಸನ್ನು ಕೈಯಾರೆ ಮಾಡಿ. ಬೆಸುಗೆ ಹಾಕಲು ಬಂದರೆ ಒಂದು ಭಾನುವಾರದ ಕೆಲಸ. ಬೇಕಾದ್ದೆಲ್ಲ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸಿಗುತ್ತದೆ:

ಒಂದು ಯುಎಸ್‌ಬಿ ಸೌಂಡ್ ಕಾರ್ಡ್, ಮೈಕ್ ಮತ್ತು ಹೆಡ್‌ಫೋನಿಗೆ ಬೇರೆ ಬೇರೆ ಜಾಕ್ ಇರುವಂಥದ್ದು.
ಒಂದು ಯುಎಸ್‌ಬಿ-ಸೀರಿಯಲ್ ಮಾಡ್ಯೂಲ್, ಆರ್‌ಟಿಎಸ್ ಪಿನ್ ಹೊರಗೆ ಕೊಟ್ಟಿರುವಂಥದ್ದು.
ಒಂದು ಬಿಸಿ547 ಟ್ರಾನ್ಸಿಸ್ಟರ್, ಒಂದು 1 ಕಿಲೋಓಮ್ ರೆಸಿಸ್ಟರ್, ಒಂದು 10 ಕಿಲೋಓಮ್ ಪ್ರಿಸೆಟ್ (ತಿರುಗಿಸಿ ಬೆಲೆ ಬದಲಿಸಬಹುದಾದ ರೆಸಿಸ್ಟರ್).
ನಿಮ್ಮ ರೇಡಿಯೊಗೆ ಹೊಂದುವ ಪ್ಲಗ್ಗು. ಹಳೇ ಇಯರ್‌ಫೋನ್ ಕೇಬಲ್ ಕತ್ತರಿಸಿದರೂ ಆದೀತು.
ಎರಡು ಫೆರೈಟ್ ಕ್ಲಿಪ್ಪು, ಕೇಬಲ್ಲಿಗೆ ನುಗ್ಗುವ ರೇಡಿಯೊ ತರಂಗ ತಡೆಯಲು.

ಪಿಟಿಟಿ ಕೆಲಸ ಮಾಡುವುದು ಹೀಗೆ. ಮೋಡೆಮ್ ಪ್ರಸಾರ ಮಾಡಬೇಕೆಂದಾಗ ಆರ್‌ಟಿಎಸ್ ಪಿನ್ನಿನ ಸ್ಥಿತಿ ಬದಲಿಸುತ್ತದೆ. ಆ ವೋಲ್ಟೇಜು 1 ಕಿಲೋಓಮ್ ದಾಟಿ ಟ್ರಾನ್ಸಿಸ್ಟರಿನ ಬೇಸ್‌ಗೆ ಹೋಗುತ್ತದೆ. ಎಮಿಟರ್ ಗ್ರೌಂಡಿಗೆ, ಕಲೆಕ್ಟರ್ ರೇಡಿಯೊದ ಪಿಟಿಟಿ ತಂತಿಗೆ. ಟ್ರಾನ್ಸಿಸ್ಟರ್ ಆನ್ ಆದಾಗ ಪಿಟಿಟಿ ಗ್ರೌಂಡ್ ಆಗಿ ರೇಡಿಯೊ ಪ್ರಸಾರಕ್ಕೆ ಹೋಗುತ್ತದೆ. ಸುಮ್ಮನಿದ್ದಾಗಲೇ ಕೆಂಪು ದೀಪ ಹತ್ತಿದರೆ ಪಿನ್ ತಿರುಗುಮುರುಗಾಗಿ ನಡೆಯುತ್ತಿದೆ ಎಂದರ್ಥ. ಡೈರ್ ವುಲ್ಫ್‌ನಲ್ಲಿ ಆರ್‌ಟಿಎಸ್ ಹೆಸರಿನ ಮುಂದೆ ಒಂದು ಮೈನಸ್ ಗುರುತು ಹಾಕಿದರೆ ಸರಿಹೋಗುತ್ತದೆ.

ಸಿಎಂ108 ಎಂಬ ಚಿಪ್ ಇರುವ ಸೌಂಡ್ ಕಾರ್ಡಿನಲ್ಲಿ ಪಿಟಿಟಿಗೆ ಬಳಸಬಹುದಾದ ಒಂದು ಕಾಲು ಇದೆ, ಸೀರಿಯಲ್ ಮಾಡ್ಯೂಲೇ ಬೇಡ ಅಂತ ಓದಿರುತ್ತೀರಿ. ನಿಜ, ಡೈರ್ ವುಲ್ಫ್‌ಗೆ ಅದು ಗೊತ್ತು. ಆದರೆ ಅಗ್ಗದ ಎಷ್ಟೋ ಕಾರ್ಡುಗಳನ್ನು ಬಿಚ್ಚಿದರೆ ಒಳಗೆ ಕಾಲುಗಳೇ ಕಾಣುವುದಿಲ್ಲ. ಚಿಪ್ಪಿನ ಮೇಲೆ ಕರಿ ಅಂಟಿನ ಗುಂಡು ಸುರಿದಿರುತ್ತಾರೆ. ಅದಕ್ಕೇ ಸೀರಿಯಲ್ ದಾರಿ ಹೇಳಿದೆ.

10 ಕಿಲೋಓಮ್ ಪ್ರಿಸೆಟ್ ಇರುವುದು ಕಂಪ್ಯೂಟರಿನಿಂದ ಮೈಕಿಗೆ ಹೋಗುವ ದಾರಿಯಲ್ಲಿ. ಹೆಡ್‌ಫೋನ್ ಜಾಕಿನಿಂದ ಒಂದು ವೋಲ್ಟ್ ಆಸುಪಾಸು ಬರಬಹುದು. ಮೈಕ್ ಬಯಸುವುದು ಮಿಲಿವೋಲ್ಟ್‌ಗಳಲ್ಲಿ. ಇಳಿಸದೆ ಕೊಟ್ಟರೆ ಸದ್ದು ಒಡೆದುಹೋಗುತ್ತದೆ. ಪ್ರಿಸೆಟ್ಟನ್ನು ಕೆಳಗಿನ ಕೊನೆಗೆ ತಿರುಗಿಸಿಟ್ಟೇ ಶುರು ಮಾಡಿ.

ಬಾವೊಫೆಂಗ್ ಯುವಿ-5ಆರ್ ಬಗೆಯ ಕೈಸೆಟ್ಟುಗಳಲ್ಲಿ ಎರಡು ತೂತಿನ ಜಾಕ್ ಇರುತ್ತದೆ. 3.5 ಮಿಮೀ ಕಡೆ ಮೈಕ್ ಮತ್ತು ಪಿಟಿಟಿ, 2.5 ಮಿಮೀ ಕಡೆ ಸ್ಪೀಕರ್. ಕೇಬಲ್ ಬಣ್ಣ ನಂಬಬೇಡಿ. ಒಬ್ಬೊಬ್ಬ ತಯಾರಕರದು ಒಂದೊಂದು ಬಣ್ಣ. ಮಲ್ಟಿಮೀಟರ್ ಹಿಡಿದು ಒಂದೊಂದೇ ತಂತಿ ಪರೀಕ್ಷಿಸಿ, ಕಾಗದದ ಮೇಲೆ ಬರೆದುಕೊಂಡ ಮೇಲೆಯೇ ಬೆಸುಗೆ ಹಾಕಿ. ಪ್ಲಗ್ ಪೂರ್ತಿ ಒಳಗೆ ಕೂತಿದೆಯಾ ಅಂತಲೂ ನೋಡಿ. ರೇಡಿಯೊದ ಕವಚ ದಪ್ಪ ಇದ್ದು ಪ್ಲಗ್ ಅರ್ಧ ಮಿಲಿಮೀಟರ್ ಹೊರಗೇ ಉಳಿದರೂ ಪಿಟಿಟಿ ಒಮ್ಮೆ ಹತ್ತುತ್ತದೆ, ಒಮ್ಮೆ ಇಲ್ಲ. ಕವಚವನ್ನು ಬ್ಲೇಡಿನಿಂದ ಸ್ವಲ್ಪ ಹೆರೆದರೆ ಮುಗಿಯಿತು.

ರಾಸ್ಪ್‌ಬೆರಿ ಪೈ ಬಳಸುವವರಿಗೆ: ಅದರಲ್ಲಿ ಮೈಕ್ ಇನ್‌ಪುಟ್ ಇಲ್ಲ. ಯುಎಸ್‌ಬಿ ಸೌಂಡ್ ಕಾರ್ಡ್ ಬೇಕೇ ಬೇಕು.

4. ಈಗ ರೇಡಿಯೊ

1200 ವೇಗಕ್ಕೆ 144–146 ಮೆಗಾಹರ್ಟ್ಜ್‌ನಲ್ಲಿ ಎಫ್‌ಎಂ ಪ್ರಸಾರ ಮಾಡುವ ಯಾವುದೇ ಸೆಟ್ಟೂ ಆದೀತು. ಕೈಸೆಟ್ ಇದ್ದರೆ ಅದರಲ್ಲೇ ಶುರು ಮಾಡಿ. 9600 ವೇಗ ಬೇಕು ಅಂದರೆ ಮಾತ್ರ ಕಥೆ ಬೇರೆ. ಆ ಸಿಗ್ನಲ್ ಮೈಕ್, ಸ್ಪೀಕರ್ ದಾರಿಯಲ್ಲಿ ಕೆಟ್ಟುಹೋಗುತ್ತದೆ. ಹಿಂಬದಿಯಲ್ಲಿ 6 ಪಿನ್ನಿನ ಡೇಟಾ ಜಾಕ್ ಇರುವ ಮೊಬೈಲ್ ಸೆಟ್ ಬೇಕಾಗುತ್ತದೆ. ಕೆನ್‌ವುಡ್ ಟಿಎಂ-ಡಿ710ನಂಥವುಗಳಲ್ಲಿ ಟಿಎನ್‌ಸಿ ಒಳಗೇ ಇದೆ. ಒಳ್ಳೆಯ ಸೆಟ್ಟೇ, ಆದರೆ ಮೊದಲ ದಿನಕ್ಕೆ ಅಷ್ಟು ದುಡ್ಡು ಹಾಕಬೇಕಿಲ್ಲ.

ಸೆಟ್ಟಿನ ಮೆನುವಿನಲ್ಲಿ ಇವಿಷ್ಟನ್ನು ಆಫ್ ಮಾಡಿ: ಬ್ಯಾಟರಿ ಸೇವರ್, ಡ್ಯುಯಲ್ ವಾಚ್, ವಾಕ್ಸ್, ರೋಜರ್ ಬೀಪ್, ಸಿಟಿಸಿಎಸ್‌ಎಸ್ ಟೋನ್. ಬ್ಯಾಟರಿ ಸೇವರ್ ಅನ್ನು ಯಾರೂ ಗಮನಿಸುವುದಿಲ್ಲ. ಬ್ಯಾಟರಿ ಉಳಿಸಲು ರಿಸೀವರ್ ಆಗಾಗ ಕಣ್ಣು ಮುಚ್ಚುತ್ತದೆ. ಅದು ಎಚ್ಚರವಾಗುವ ಹೊತ್ತಿಗೆ ಪೊಟ್ಟಣದ ಆರಂಭ ಹೋಗಿರುತ್ತದೆ.

ಮಿಕ್ಕ ದುಡ್ಡು ಆಂಟೆನಾಗೆ ಹಾಕಿ. ಸೆಟ್ಟಿನ ಜೊತೆ ಬರುವ ರಬ್ಬರ್ ಆಂಟೆನಾಗಿಂತ ಮಹಡಿ ಮೇಲಿನ ಕ್ವಾರ್ಟರ್ ವೇವ್ ಗ್ರೌಂಡ್ ಪ್ಲೇನ್ ಎಷ್ಟೋ ಮೇಲು. ಈ ಫ್ರೀಕ್ವೆನ್ಸಿಗೆ ನಡುವಿನ ಕಡ್ಡಿ ಸುಮಾರು 49 ಸೆಂಟಿಮೀಟರ್. ಆಂಟೆನಾ ದೂರ ಹೋದಷ್ಟೂ ಕಂಪ್ಯೂಟರಿಗೆ ಆಗುವ ಕಿರಿಕಿರಿಯೂ ಕಡಿಮೆ.

5. ಕೇಳುವುದನ್ನು ಸರಿ ಮಾಡಿ

ಪ್ರಸಾರದ ಯೋಚನೆ ಇನ್ನೂ ಬೇಡ. ಮೊದಲು ಕೇಳಿ.

ಸ್ಕ್ವೆಲ್ಚ್ ಸೊನ್ನೆಗೆ ಇಳಿಸಿ, ಅಂದರೆ ಸಿಗ್ನಲ್ ಇಲ್ಲದಾಗಲೂ ಶ್ ಅನ್ನುವ ಗದ್ದಲ ಬರುತ್ತಲೇ ಇರಲಿ. ಸ್ಕ್ವೆಲ್ಚ್ ತೆರೆಯಲು ತಗಲುವ ಹೊತ್ತೂ ಪೊಟ್ಟಣವನ್ನು ತಿನ್ನುತ್ತದೆ. ವಿಂಡೋಸ್‌ನ ಸೌಂಡ್ ಸೆಟ್ಟಿಂಗ್‌ನಲ್ಲಿ ಮೈಕ್ ಬೂಸ್ಟ್, ನಾಯ್ಸ್ ಸಪ್ರೆಶನ್, ತಾನಾಗಿಯೇ ಸದ್ದು ಏರಿಸಿಳಿಸುವ ಎಜಿಸಿ ಎಲ್ಲ ತೆಗೆದುಬಿಡಿ. ಅವು ಮನುಷ್ಯರ ಮಾತಿಗೆ ಮಾಡಿದವು. ಪ್ಯಾಕೆಟ್ ಸದ್ದನ್ನು ಅವು ಗದ್ದಲ ಅಂದುಕೊಂಡು ಅಳಿಸುತ್ತವೆ.

ಆಮೇಲೆ ವಾಲ್ಯೂಮ್. ಡೈರ್ ವುಲ್ಫ್ ಆದರೆ ಪೊಟ್ಟಣ ಬಂದಾಗ ತೋರಿಸುವ ಸದ್ದಿನ ಮಟ್ಟ 50ರ ಆಸುಪಾಸು ಇರಲಿ. 30 ಬಂದರೂ ತೊಂದರೆ ಇಲ್ಲ. ಮಿತಿ ಮೀರಿ ತುಂಡಾಗದಿದ್ದರೆ ಸಾಕು. ಸದ್ದು ಜಾಸ್ತಿ ಇದ್ದರೆ ಚೆನ್ನಾಗಿ ಓದುತ್ತದೆ ಅನ್ನುವುದು ತಪ್ಪು ಕಲ್ಪನೆ.

ಕಿವಿಗೆ "ಬ್ರ್ರಾಪ್" ಸ್ಪಷ್ಟವಾಗಿ ಕೇಳಿಸಿಯೂ ಪರದೆ ಖಾಲಿಯಾ? ಸಾಫ್ಟ್‌ವೇರ್ ಬೇರೆ ಮೈಕನ್ನು, ಸಾಮಾನ್ಯವಾಗಿ ಲ್ಯಾಪ್‌ಟಾಪಿನ ಮೈಕನ್ನೇ, ಕೇಳುತ್ತಿರಬಹುದು. ಪಕ್ಕದಲ್ಲಿ ಚಪ್ಪಾಳೆ ತಟ್ಟಿ ನೋಡಿ. ವಾಟರ್‌ಫಾಲ್ ಕುಣಿದರೆ ಅದೇ ಕಾರಣ.

6. ಪ್ರಸಾರವನ್ನು ಸರಿ ಮಾಡಿ

ಕಾಲ್‌ಸೈನ್ ಹಾಕಿ. ಅದರ ಮುಂದೆ ಗೀಟು ಎಳೆದು 0ಯಿಂದ 15ರ ಒಳಗಿನ ಒಂದು ಸಂಖ್ಯೆ ಹಾಕಬಹುದು, ಅದೇ ಎಸ್‌ಎಸ್‌ಐಡಿ. ಎಪಿಆರ್‌ಎಸ್‌ನಲ್ಲಿ ಕೈಸೆಟ್ಟಿಗೆ 7, ವಾಹನಕ್ಕೆ 9 ರೂಢಿ.

ಟಿಎಕ್ಸ್ ಡಿಲೇ ಅಂದರೆ ಪಿಟಿಟಿ ಒತ್ತಿದ ಮೇಲೆ ಪೊಟ್ಟಣ ಶುರುವಾಗುವ ಮುನ್ನ ಕಾಯುವ ಹೊತ್ತು. 300 ಮಿಲಿಸೆಕೆಂಡಿನಿಂದ ಆರಂಭಿಸಿ. ಡೈರ್ ವುಲ್ಫ್‌ನಲ್ಲಿ ಇದನ್ನು 30 ಅಂತ ಬರೆಯಬೇಕು, ಅಲ್ಲಿನ ಲೆಕ್ಕ 10 ಮಿಲಿಸೆಕೆಂಡಿನ ಘಟಕದಲ್ಲಿ. 300 ಅಂತ ಬರೆದರೆ 3 ಸೆಕೆಂಡ್ ಆಗಿ, ಚಾನೆಲ್ ಪೂರ್ತಿ ನೀವೇ ಹಿಡಿದುಕೊಂಡಂತಾಗುತ್ತದೆ.

ಈಗ ಸದ್ದಿನ ಮಟ್ಟ. ರೇಡಿಯೊವನ್ನು ಅತಿ ಕಡಿಮೆ ಪವರ್‌ಗೆ ಇಟ್ಟು, ಖಾಲಿ ಫ್ರೀಕ್ವೆನ್ಸಿ ಆರಿಸಿ, ಇನ್ನೊಂದು ಸೆಟ್‌ನಲ್ಲಿ ಕೇಳಿ. ಪರೀಕ್ಷೆಯ ಸ್ವರ ಬಿಡುವ ಸೌಲಭ್ಯ ಎರಡೂ ಮೋಡೆಮ್‌ನಲ್ಲಿ ಇದೆ. ಪ್ರಿಸೆಟ್ಟನ್ನು ನಿಧಾನ ಏರಿಸಿ. ಸದ್ದು ಜೋರಾಗುತ್ತಾ ಹೋಗುತ್ತದೆ. ಒಂದು ಹಂತದ ಮೇಲೆ ಎಷ್ಟು ತಿರುಗಿಸಿದರೂ ಜೋರಾಗುವುದಿಲ್ಲ, ಬರೀ ಒರಟಾಗುತ್ತದೆ. ಅಲ್ಲಿಂದ ಹಿಂದಕ್ಕೆ ಬನ್ನಿ, ಸದ್ದು ಸುಮಾರು ಅರ್ಧಕ್ಕಿಳಿಯುವವರೆಗೆ. ಅಳೆಯುವ ಉಪಕರಣ ಇದ್ದವರು ಡೀವಿಯೇಶನ್, ಅಂದರೆ ಸದ್ದಿಗೆ ತಕ್ಕಂತೆ ಫ್ರೀಕ್ವೆನ್ಸಿ ಸರಿಯುವ ಅಳತೆ, 3ರಿಂದ 3.5 ಕಿಲೋಹರ್ಟ್ಜ್ ಒಳಗೆ ಇಡಿ. "ನನ್ನದು ಎಲ್ಲರಿಗೂ ಕೇಳಿಸುತ್ತೆ, ಆದರೆ ಯಾರೂ ಡಿಕೋಡ್ ಮಾಡ್ತಿಲ್ಲ" ಅನ್ನುವವರಲ್ಲಿ ಬಹುಪಾಲು ಜನರ ತೊಂದರೆ ಇಲ್ಲೇ ಇರುತ್ತದೆ.

ಇನ್ನೆರಡು ಎಚ್ಚರಿಕೆ. ಕಂಪ್ಯೂಟರಿನ ಮಿಕ್ಕ ಸದ್ದೆಲ್ಲ, ನೋಟಿಫಿಕೇಶನ್ ಗಂಟೆ, ವಿಡಿಯೊ, ಬೇರೆ ಸ್ಪೀಕರಿಗೇ ಹೋಗುವಂತೆ ಇಡಿ. ಯುಎಸ್‌ಬಿ ಕಾರ್ಡನ್ನು ಡೀಫಾಲ್ಟ್ ಮಾಡಿದರೆ ಮೆಸೇಜ್ ಬಂದ ಟಿಂಗ್ ಸದ್ದೂ ಗಾಳಿಗೆ ಹೋಗುತ್ತದೆ. ಎರಡನೆಯದು, ಒಮ್ಮೆ ಪ್ರಸಾರ ಶುರುವಾದರೆ ಪಿಟಿಟಿ ಅಂಟಿಕೊಂಡು ಬಿಡದೇ ಇರುವುದು. ರೇಡಿಯೊ ತರಂಗ ಯುಎಸ್‌ಬಿ ಕೇಬಲ್ಲಿಗೆ ನುಗ್ಗಿದರೆ ಹೀಗಾಗುತ್ತದೆ. ಫೆರೈಟ್ ಕ್ಲಿಪ್ ಹಾಕಿ, ಪವರ್ ಇಳಿಸಿ, ಆಂಟೆನಾ ದೂರ ಇಡಿ. ಸೆಟ್ಟಿನಲ್ಲಿ ಟೈಮ್‌ಔಟ್ ಟೈಮರನ್ನು, ಅಂದರೆ ಪ್ರಸಾರ ಉದ್ದವಾದರೆ ತಾನೇ ನಿಲ್ಲಿಸುವ ಸೌಲಭ್ಯವನ್ನು, ಅತಿ ಕಡಿಮೆ ಅವಧಿಗೆ ಇಟ್ಟಿರಿ.

7. ಮೊದಲ ಪೊಟ್ಟಣ

ನಿಲ್ದಾಣ ನಿಮ್ಮ ಊರ ಮೇಲೆ ಯಾವಾಗ ಬರುತ್ತದೆ ಅಂತ ಯಾವುದಾದರೂ ಉಪಗ್ರಹ ಆ್ಯಪ್‌ನಲ್ಲಿ ನೋಡಿ. ದಿಗಂತದಿಂದ 30 ಡಿಗ್ರಿಗಿಂತ ಮೇಲೇರುವ ಹಾದಿ ಆರಿಸಿ. ಒಂದು ಹಾದಿ ಸುಮಾರು 10 ನಿಮಿಷ. ಪ್ಯಾಕೆಟ್ ರಿಪೀಟರ್ ಆ ದಿನ ಚಾಲೂ ಇದೆಯಾ ಅಂತಲೂ ಮೊದಲೇ ಖಚಿತ ಮಾಡಿಕೊಳ್ಳಿ. ಗಗನಯಾತ್ರಿಗಳ ಕೆಲಸ ಇದ್ದಾಗ ಅದನ್ನು ನಿಲ್ಲಿಸಿರುತ್ತಾರೆ.

ಫ್ರೀಕ್ವೆನ್ಸಿ 145.825. ಅಪ್ಲಿಕೇಶನ್‌ನಲ್ಲಿ ಪಾತ್, ಅಂದರೆ ಪೊಟ್ಟಣ ಯಾರ ಮೂಲಕ ಹೋಗಬೇಕು ಅನ್ನುವ ಜಾಗದಲ್ಲಿ, ಎಆರ್‌ಐಎಸ್‌ಎಸ್ ಎಂಬ ಐದು ಅಕ್ಷರ ಮಾತ್ರ ಹಾಕಿ. ನೆಲದ ಎಪಿಆರ್‌ಎಸ್‌ಗೆ ಬಳಸುವ ವೈಡ್ ಪಾತ್ ಅಲ್ಲಿ ಉಳಿದಿದ್ದರೆ ತೆಗೆಯಿರಿ. ಮೊದಲ ಎರಡು ಹಾದಿ ಬರೀ ಕೇಳಿ. ಮೂರನೆಯದರಲ್ಲಿ, ಬೇರೆಯವರ ಪೊಟ್ಟಣಗಳು ಪರದೆಗೆ ಬರಲು ಶುರುವಾದ ಮೇಲೆ, ನಿಮ್ಮದೊಂದು ಚಿಕ್ಕ ಸಂದೇಶ ಕೈಯಾರೆ ಕಳಿಸಿ. ಒಂದು ನಿಮಿಷ ಬಿಟ್ಟು ಮತ್ತೊಂದು. ಪ್ರತಿ 10 ಸೆಕೆಂಡಿಗೆ ತಾನಾಗಿ ಹೋಗುವಂತೆ ಬಿಟ್ಟು ಎದ್ದು ಹೋಗಬೇಡಿ. ಒಂದೇ ಚಾನೆಲ್ಲನ್ನು ಅಷ್ಟು ದೊಡ್ಡ ಪ್ರದೇಶದ ಹ್ಯಾಮ್‌ಗಳೆಲ್ಲ ಹಂಚಿಕೊಂಡಿರುತ್ತಾರೆ.

ನಿಮ್ಮದೇ ಕಾಲ್‌ಸೈನ್ ಪರದೆಗೆ ವಾಪಸ್ ಬಂದು, ಪಾತ್‌ನಲ್ಲಿ ನಿಲ್ದಾಣದ ಹೆಸರಿನ ಪಕ್ಕ ಒಂದು ನಕ್ಷತ್ರ ಚಿಹ್ನೆ ಕಂಡರೆ, ಆ ಪೊಟ್ಟಣ ಸುಮಾರು 400 ಕಿಲೋಮೀಟರ್ ಎತ್ತರಕ್ಕೆ ಹೋಗಿ ಬಂದಿದೆ. ಯಾವುದನ್ನೂ ಮುಟ್ಟುವ ಮೊದಲು ರೇಡಿಯೊದ ವಾಲ್ಯೂಮ್ ಗುಂಡಿ ಇರುವ ಜಾಗಕ್ಕೆ ಪೇಂಟಿನಿಂದ ಒಂದು ಚುಕ್ಕೆ ಇಡಿ. ಪ್ರಿಸೆಟ್ ಮೇಲೆ ಒಂದು ತೊಟ್ಟು ನೇಲ್ ಪಾಲಿಶ್ ಹಾಕಿ. ಕಂಪ್ಯೂಟರಿನ ಎರಡೂ ಸೌಂಡ್ ಸ್ಲೈಡರುಗಳ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಸೆಟ್ಟಿನ ಬೆನ್ನಿಗೆ ಅಂಟಿಸಿ.